ಬಿಳಿ ಮುಟ್ಟಿಗೆ ಹಸಿರು ಕಿಟ್: ಪರೀಕ್ಷೆ ಇಲ್ಲದೆ ಕೊಡುವ ಔಷಧದ ಲೆಕ್ಕ

ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ, ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋದರೆ ಕಪಾಟಿನಲ್ಲಿ ಏಳು ಬಣ್ಣದ ಔಷಧ ಕಿಟ್‌ಗಳು ಕಾಣುತ್ತವೆ. ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು. ಮೂತ್ರದ ದಾರಿಯಲ್ಲಿ ಕೀವು ಬರುತ್ತಿದ್ದರೆ ಬೂದು. ಬಿಳಿ ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಹಸಿರು. ಜನನಾಂಗದಲ್ಲಿ ಹುಣ್ಣಾಗಿದ್ದರೆ ಬಿಳಿ, ಪೆನಿಸಿಲಿನ್ ಒಗ್ಗದವರಿಗೆ ನೀಲಿ. ನೀರುಗುಳ್ಳೆ ಎದ್ದಿದ್ದರೆ ಕೆಂಪು. ಹೆಂಗಸರ ಕಿಬ್ಬೊಟ್ಟೆ ನೋವಿಗೆ ಹಳದಿ. ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದ್ದರೆ ಕಪ್ಪು.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ದೇಶಕ್ಕೆಲ್ಲ ಕೊಟ್ಟಿರುವ ವ್ಯವಸ್ಥೆ ಇದು. ಬಂದವರು ಹೇಳಿದ್ದನ್ನು ಕೇಳಬೇಕು, ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳಬೇಕು, ಗೋಡೆಯ ಚಾರ್ಟಿನಲ್ಲಿ ಬಾಣದ ಗುರುತು ಹಿಡಿದು ಹೋಗಬೇಕು. ಕೊನೆಗೆ ಒಂದು ಬಣ್ಣ ಸಿಗುತ್ತದೆ. ಸಿಫಿಲಿಸ್ ಮತ್ತು ಎಚ್‌ಐವಿಗೆ ರಕ್ತ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಸಂಗಾತಿಯಿಂದ ಅಂಟುವ ಇನ್ನೆರಡು ಸೋಂಕು, ಗೊನೋರಿಯಾ ಇದೆಯಾ, ಕ್ಲಮೈಡಿಯಾ ಇದೆಯಾ ಅಂತ ಹೆಚ್ಚಿನ ಕಡೆ ಯಾರೂ ನೋಡುವುದಿಲ್ಲ. ಲಕ್ಷಣ ನೋಡಿ, ಅದಕ್ಕೆ ಕಾರಣ ಆಗಬಹುದಾದ ಎಲ್ಲ ರೋಗಾಣುಗಳಿಗೂ ಒಟ್ಟಿಗೇ ಮದ್ದು ಕೊಟ್ಟುಬಿಡುವುದು, ಅಷ್ಟೆ. ಏಷ್ಯಾ, ಆಫ್ರಿಕಾದ ಬಡ ದೇಶಗಳಲ್ಲೆಲ್ಲ ಸುಮಾರು ಮೂವತ್ತು ವರ್ಷಗಳಿಂದ ನಡೆದು ಬಂದಿರುವ ಪದ್ಧತಿ ಇದು.

ಈ ಪದ್ಧತಿಯನ್ನು ಬೈಯಲು ನಾನು ಕೂತಿಲ್ಲ. ಇದು ಬಂದದ್ದಕ್ಕೆ ಗಟ್ಟಿ ಕಾರಣವಿತ್ತು. ಗೊನೋರಿಯಾದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸುವುದು ಎಷ್ಟು ನಾಜೂಕಿನ ಕೆಲಸ ಅಂತ ನೋಡಿ. ರಕ್ತವನ್ನು ಬಿಸಿ ಮಾಡಿ ಬೆರೆಸಿದ ತಟ್ಟೆ ಬೇಕು. ಕಂದು ಬಣ್ಣಕ್ಕೆ ತಿರುಗುವುದರಿಂದ ಅದಕ್ಕೆ ಚಾಕೊಲೇಟ್ ಅಗರ್ ಅಂತಲೇ ಹೆಸರು. ಸ್ರಾವ ತೆಗೆದ ಕೂಡಲೇ ತಟ್ಟೆಗೆ ಹಚ್ಚಬೇಕು, ಒಣಗಿದರೆ ರೋಗಾಣು ಸತ್ತುಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಅದು ಬೆಳೆಯುವುದಿಲ್ಲ. ಅದಕ್ಕೇ ತಟ್ಟೆಗಳನ್ನು ಡಬ್ಬಿಯೊಳಗಿಟ್ಟು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ, ಮುಚ್ಚಳ ಬಿಗಿಯುತ್ತಾರೆ. ಉರಿ ತಾನಾಗಿ ಆರುವ ಹೊತ್ತಿಗೆ ಬೇಕಾದ ಗಾಳಿ ತಯಾರಾಗಿರುತ್ತದೆ. ಆಮೇಲೂ ಒಂದೆರಡು ದಿನ ಕಾಯಬೇಕು. ಕರೆಂಟೇ ನೆಟ್ಟಗಿಲ್ಲದ ಊರಿನ ಆರೋಗ್ಯ ಕೇಂದ್ರದಲ್ಲಿ ಇದೆಲ್ಲ ಆಗುವ ಮಾತಾ? ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವರಿಗೆ 'ಮೂರು ದಿನ ಬಿಟ್ಟು ಬನ್ನಿ' ಅಂದರೆ ಎಷ್ಟು ಜನ ಬಂದಾರು?

ಹಾಗಾಗಿ 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚಾರ್ಟ್‌ಗಳನ್ನು ಮುಂದಿಟ್ಟಿತು: ಬಂದ ದಿನವೇ ಔಷಧ ಕೊಟ್ಟು ಕಳಿಸಿ. ಇದಕ್ಕೆ ದೊಡ್ಡ ಬಲ ಬಂದದ್ದು ಟಾಂಜಾನಿಯಾದ ಮ್ವಾಂಜಾ ಪ್ರದೇಶದಿಂದ. ಅಲ್ಲಿ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಹೀಗೆ ಲಕ್ಷಣ ನೋಡಿ ಚಿಕಿತ್ಸೆ ಕೊಡುವುದನ್ನು ಕಲಿಸಿದರು, ಔಷಧ ಖಾಲಿಯಾಗದಂತೆ ನೋಡಿಕೊಂಡರು. ಎರಡು ವರ್ಷ ಬಿಟ್ಟು ನೋಡಿದರೆ, ಆ ಊರುಗಳಲ್ಲಿ ಹೊಸದಾಗಿ ಎಚ್‌ಐವಿ ತಗಲುವುದು ಪಕ್ಕದ ಊರುಗಳಿಗಿಂತ ಸುಮಾರು ಶೇ 40ರಷ್ಟು ಕಡಿಮೆಯಾಗಿತ್ತು. 1995ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಏಡ್ಸ್‌ಗೆ ಸರಿಯಾದ ಔಷಧವೇ ಇರಲಿಲ್ಲ. ಅಂಥ ಕಾಲದಲ್ಲಿ ಇದು ಎಷ್ಟು ದೊಡ್ಡ ಭರವಸೆ ಅಂತ ಊಹಿಸಿಕೊಳ್ಳಿ.

ಗಂಡಸರ ಮಟ್ಟಿಗೆ ಈ ಪದ್ಧತಿ ಇವತ್ತಿಗೂ ಬಹುಮಟ್ಟಿಗೆ ನಡೆಯುತ್ತದೆ. ಮೂತ್ರದ ದಾರಿಯಲ್ಲಿ ಕೀವು ಬಂದರೆ ಕಾರಣ ಹೆಚ್ಚಾಗಿ ಗೊನೋರಿಯಾ ಇಲ್ಲವೇ ಕ್ಲಮೈಡಿಯಾ. ಬೂದು ಕಿಟ್‌ನಲ್ಲಿ ಎರಡಕ್ಕೂ ಮಾತ್ರೆ ಇದೆ. ಹುಣ್ಣಿನ ವಿಷಯದಲ್ಲೂ ಲೆಕ್ಕ ತೀರಾ ತಪ್ಪುವುದಿಲ್ಲ.

ತಪ್ಪುವುದು ಹೆಂಗಸರ ವಿಷಯದಲ್ಲಿ.

ತಾಲ್ಲೂಕಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ ಅಂದುಕೊಳ್ಳಿ. ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. 'ಬಿಳಿ ಹೋಗ್ತದೆ ಮೇಡಂ, ಸೊಂಟ ನೋವು, ಸುಸ್ತು' ಅನ್ನುತ್ತಾಳೆ. ಈ ಒಂದು ಮಾತಿನ ಹಿಂದೆ ಏನು ಬೇಕಾದರೂ ಇರಬಹುದು. ಯೀಸ್ಟ್ ಎಂಬ ಶಿಲೀಂಧ್ರ ಜಾಸ್ತಿಯಾಗಿರಬಹುದು. ಅದು ಎಷ್ಟೋ ಜನರ ಮೈಯಲ್ಲಿ ಸಹಜವಾಗಿ ಇರುವಂಥದ್ದು, ಆಂಟಿಬಯಾಟಿಕ್ ತಿಂದರೂ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ ಇದ್ದರೂ ಹೆಚ್ಚುತ್ತದೆ. ಯೋನಿಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತುಂಬಿಕೊಂಡಿರಬಹುದು. ಇದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ. ಟ್ರೈಕೊಮೊನಾಸ್ ಎಂಬ ಪರಾವಲಂಬಿ ಇರಬಹುದು, ಇದು ಸಂಗಾತಿಯಿಂದ ಬರುವುದು. ಗರ್ಭಕೊರಳಿನಲ್ಲಿ ಗೊನೋರಿಯಾ ಅಥವಾ ಕ್ಲಮೈಡಿಯಾ ಇರಬಹುದು. ತಿಂಗಳ ನಡುವೆ ಸಹಜವಾಗಿ ಹೋಗುವ ಬಿಳಿಯೇ ಇರಬಹುದು. ಅಥವಾ ಅವಳ ಕಷ್ಟ ಬೇರೆಯೇ ಏನೋ ಇದ್ದು, ಹೇಳಿಕೊಳ್ಳಲು ಇದೊಂದೇ ಮಾತು ಸಿಕ್ಕಿರಬಹುದು.

ಕೊನೆಯದು ಸುಮ್ನೆ ಹೇಳಿದ ಮಾತಲ್ಲ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಸಾವಿರಾರು ಹೆಂಗಸರನ್ನು ಮಾತಾಡಿಸಿ, ಪರೀಕ್ಷೆಯನ್ನೂ ಮಾಡಿದರು. 2005ರ ಹೊತ್ತಿಗೆ ಬಂದ ಅವರ ವರದಿಗಳ ಪ್ರಕಾರ, ಬಿಳಿ ಮುಟ್ಟಿನ ದೂರಿಗೆ ಸೋಂಕಿಗಿಂತ ಗಟ್ಟಿ ನಂಟು ಇದ್ದದ್ದು ಮನಸ್ಸಿನ ಬೇಗುದಿಯ ಜೊತೆ. ಬಿಳಿ ಹೋದರೆ ಮೈಯ ಸತ್ವವೇ ಕರಗಿ ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆಯೂ ಇದೆ, ಅಲ್ವಾ? ಗಂಡನ ಕಾಟ, ಸಾಲ, ನಿದ್ದೆ ಇಲ್ಲದ ರಾತ್ರಿ, ಎಲ್ಲವೂ 'ಬಿಳಿ ಹೋಗ್ತದೆ, ಸುಸ್ತು' ಎಂಬ ಎರಡು ಮಾತಿನಲ್ಲಿ ಹೊರಗೆ ಬರುತ್ತದೆ. ಅದಕ್ಕೆ ಹಸಿರು ಕಿಟ್ ಕೊಟ್ಟರೆ ಏನು ವಾಸಿಯಾದೀತು?

ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿಳಿ ಮುಟ್ಟು ಅಂತ ಬಂದ ಹೆಂಗಸರಿಗೆ ಚಾರ್ಟೂ ಹಾಕಿ ನೋಡಿದರು, ಲ್ಯಾಬ್ ಪರೀಕ್ಷೆಯನ್ನೂ ಮಾಡಿದರು. ಗೊನೋರಿಯಾ, ಕ್ಲಮೈಡಿಯಾ ಇದ್ದವರು ಬೆರಳೆಣಿಕೆಯಷ್ಟು ಮಾತ್ರ. ಚಾರ್ಟಿನ ಪ್ರಕಾರ ಔಷಧ ಸಿಗಬೇಕಾದವರು ರಾಶಿ ರಾಶಿ. ಖರ್ಚಿನಲ್ಲಿ ದೊಡ್ಡ ಪಾಲು ಸೋಂಕೇ ಇಲ್ಲದವರ ಮೇಲೆ ಹೋಗುತ್ತಿತ್ತು.

ಇದನ್ನು ಒಂದು ಲೆಕ್ಕವಾಗಿ ನೋಡೋಣ. ಬಿಳಿ ಮುಟ್ಟು ಅಂತ ನೂರು ಜನ ಬಂದರು, ಅವರಲ್ಲಿ ಐವರಿಗೆ ಗರ್ಭಕೊರಳಿನ ಸೋಂಕು ಇದೆ ಅಂದುಕೊಳ್ಳಿ. ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ) ಇಟ್ಟು ನೋಡದೆ ಎಲ್ಲರಿಗೂ ಆ ಸೋಂಕಿನ ಔಷಧವನ್ನೂ ಕೊಟ್ಟರೆ, ಐವರಿಗಾಗಿ ತೊಂಬತ್ತೈದು ಜನ ಸುಮ್ನೆ ಆಂಟಿಬಯಾಟಿಕ್ ನುಂಗುತ್ತಾರೆ. ಹೋಗಲಿ, ಊರಿನಲ್ಲಿರುವ ಸೋಂಕೆಲ್ಲ ಸಿಕ್ಕಿತಾ? ಅದೂ ಇಲ್ಲ. ಕ್ಲಮೈಡಿಯಾ ತಗಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಬಿಳಿ ಇಲ್ಲ, ಉರಿ ಇಲ್ಲ, ನೋವಿಲ್ಲ. ಲಕ್ಷಣವೇ ಇಲ್ಲದವಳು ಆಸ್ಪತ್ರೆಗೆ ಬರುವುದಿಲ್ಲ. ಬಂದರೂ ಚಾರ್ಟಿನಲ್ಲಿ ಅವಳಿಗೊಂದು ಬಾಣವಿಲ್ಲ. ಸೋಂಕು ವರ್ಷಗಟ್ಟಲೆ ಒಳಗೇ ಇದ್ದು ಗರ್ಭನಾಳಕ್ಕೆ ಹಬ್ಬುತ್ತದೆ, ನಾಳ ಮುಚ್ಚಿಹೋಗುತ್ತದೆ. ಮುಂದೆ ಮಕ್ಕಳಾಗಲಿಲ್ಲ ಅಂತ ಸ್ಕ್ಯಾನಿಂಗ್, ಎಕ್ಸ್‌ರೇ ಮಾಡಿಸಿದಾಗ 'ಟ್ಯೂಬ್ ಬ್ಲಾಕ್ ಆಗಿದೆ' ಅನ್ನುತ್ತಾರೆ. ಆ ಹೊತ್ತಿಗೆ ಅವಳಿಗೆ ಬಂಜೆ ಅಂತ ಹೆಸರು ಬಿದ್ದು ಎಷ್ಟೋ ವರ್ಷವಾಗಿರುತ್ತದೆ.

ಒಂದು ಕಡೆ ಇಲ್ಲದ ರೋಗಕ್ಕೆ ಮದ್ದು. ಇನ್ನೊಂದು ಕಡೆ ಇರುವ ರೋಗ ಕಣ್ಣಿಗೇ ಬೀಳುವುದಿಲ್ಲ. ಒಂದೇ ಚಾರ್ಟು ಎರಡೂ ತಪ್ಪು ಮಾಡುತ್ತದೆ, ಎರಡರ ಬೆಲೆಯನ್ನೂ ಹೆಣ್ಣೇ ಕಟ್ಟುತ್ತಾಳೆ.

ಇಲ್ಲದ ರೋಗಕ್ಕೆ ಮದ್ದು ತಿಂದರೆ ಏನಾಗುತ್ತೆ, ಹೊಟ್ಟೆ ಸ್ವಲ್ಪ ಕೆಡಬಹುದು ಅಷ್ಟೆ ಅಲ್ವಾ, ಅಂತ ಯಾರಾದರೂ ಕೇಳಬಹುದು. ಇಲ್ಲ. ಗರ್ಭಕೊರಳಿನ ಸೋಂಕು ಅಂತ ಬರೆದರೆ ನಿಯಮದ ಪ್ರಕಾರ ಗಂಡನನ್ನೂ ಕರೆಸಬೇಕು, ಅವನಿಗೂ ಔಷಧ ಕೊಡಬೇಕು. ಇದು 'ಗುಪ್ತರೋಗ' ಅಂತ ಮನೆಯಲ್ಲಿ ಗೊತ್ತಾಗುತ್ತದೆ. 'ಎಲ್ಲಿಂದ ತಂದೆ?' ಎಂಬ ಪ್ರಶ್ನೆ ಅವಳ ಮೇಲೇ ಬೀಳುತ್ತದೆ. ಗಂಡಸಿಗೆ ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾನೆ. ಅವಳಿಗಿದ್ದದ್ದು ಯೀಸ್ಟ್ ಮಾತ್ರ ಆಗಿದ್ದರೆ? ಒಂದು ಹನಿ ಸ್ರಾವವನ್ನು ಮೈಕ್ರೋಸ್ಕೋಪಿನಲ್ಲಿ ನೋಡದ ತಪ್ಪಿಗೆ ಒಂದು ಸಂಸಾರದಲ್ಲಿ ವಿಷ ಬೀಳುತ್ತದೆ. ಔಷಧದ ಖರ್ಚಿನ ಲೆಕ್ಕ ಹಾಕುವ ಯಾವ ವರದಿಯಲ್ಲೂ ಇದರ ಬೆಲೆಗೆ ಒಂದು ಸಾಲು ಇರುವುದಿಲ್ಲ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಇದೇ.

ಔಷಧಕ್ಕೆ ಜಗ್ಗದ ರೋಗಾಣುಗಳ ಕಥೆ ಬೇರೆ ಇದೆ. ಒಂದು ಕಾಲದಲ್ಲಿ ಗೊನೋರಿಯಾಕ್ಕೆ ಸಿಪ್ರೊಫ್ಲಾಕ್ಸಸಿನ್ ಒಂದೇ ಡೋಸ್ ಸಾಕಿತ್ತು. ಈಗ ನಮ್ಮ ದೇಶದಲ್ಲಿ ಅದು ಗೊನೋರಿಯಾದ ಮಟ್ಟಿಗೆ ಹೋದ ಹಾಗೇ. ಬೂದು ಕಿಟ್‌ನಲ್ಲಿರುವ ಸೆಫಿಕ್ಸಿಮ್, ಅಜಿತ್ರೊಮೈಸಿನ್ ಮೇಲೂ ಒತ್ತಡ ಬೀಳುತ್ತಿದೆ. ರೋಗಾಣುವನ್ನು ಬೆಳೆಸಿ ನೋಡಿದರೆ ಮಾತ್ರ ಯಾವ ಔಷಧ ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿರುವಂಥ ಕೆಲವೇ ಕೇಂದ್ರಗಳು ಆ ಕೆಲಸ ಮಾಡುತ್ತಿವೆ. ಆ ಮೇಣದಬತ್ತಿಯ ಡಬ್ಬಿ ಇರುವ ಲ್ಯಾಬ್‌ಗಳು ಇನ್ನಷ್ಟು ಬೇಕು.

ಹಾಗಾದರೆ ಪರೀಕ್ಷೆ ಮಾಡುವುದು ಸಾಧ್ಯವೇ ಇಲ್ವಾ? ಇದೆ. ಸಿಫಿಲಿಸ್ ಅದನ್ನು ತೋರಿಸಿಕೊಟ್ಟಿದೆ. ನಮ್ಮ ಹಿರಿಯರು ಪರಂಗಿ ಹುಣ್ಣು ಅಂತ ಕರೆಯುತ್ತಿದ್ದ ರೋಗ ಇದು. ಪೋರ್ಚುಗೀಸರ ಕಾಲದಲ್ಲಿ ಬಂದು ಸೇರಿದ್ದಕ್ಕೆ, ಹದಿನಾರನೇ ಶತಮಾನದ ಭಾವಮಿಶ್ರನ ವೈದ್ಯ ಗ್ರಂಥದಲ್ಲೂ ಇದಕ್ಕೆ ಫಿರಂಗ ರೋಗ ಎಂದೇ ಹೆಸರು. ಬಸುರಿಯ ತಾಯಿ ಕಾರ್ಡಿನಲ್ಲಿ ವಿಡಿಆರ್‌ಎಲ್ ಅಂತ ಬರೆದಿರುವುದನ್ನು ನೀವು ನೋಡಿರಬಹುದು, ಅದು ಇದರದ್ದೇ ಪರೀಕ್ಷೆ. ಅದರ ಜೊತೆಯ ಆರ್‌ಪಿಆರ್ ಪರೀಕ್ಷೆಗೆ ರಕ್ತ ಎಳೆಯಬೇಕು, ಯಂತ್ರದಲ್ಲಿ ತಿರುಗಿಸಿ ಸೀರಂ ಬೇರೆ ಮಾಡಬೇಕು, ಫ್ರಿಜ್ಜಿನಲ್ಲಿಟ್ಟ ದ್ರಾವಣದ ಜೊತೆ ಕಾರ್ಡಿನ ಮೇಲೆ ಬೆರೆಸಿ ಎಂಟು ನಿಮಿಷ ಅಲುಗಾಡಿಸಬೇಕು. ಆಗ ಕಪ್ಪು ಚುಕ್ಕಿಗಳು ಗಂಟುಗಟ್ಟುತ್ತವಾ ಅಂತ ಕಣ್ಣಿಟ್ಟು ನೋಡಬೇಕು. ಉಪಕೇಂದ್ರದಲ್ಲಿ ಇದಾಗುವುದಿಲ್ಲ. ಮಾದರಿ ದೊಡ್ಡ ಆಸ್ಪತ್ರೆಗೆ ಹೋಗಿ ರಿಪೋರ್ಟು ವಾಪಸ್ ಬರುವ ಹೊತ್ತಿಗೆ ಬಸುರಿ ತವರಿಗೆ ಹೋಗಿರುತ್ತಾಳೆ.

ಈಗ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಸಾಕು. ಬಸಿರಿನ ಪರೀಕ್ಷೆಯ ಪಟ್ಟಿಯ ಹಾಗೇ ಇದರಲ್ಲೂ ಗೆರೆ ಮೂಡುತ್ತದೆ. ಒಂದೇ ಪಟ್ಟಿಯಲ್ಲಿ ಎಚ್‌ಐವಿಗೂ ಉತ್ತರ, ಸಿಫಿಲಿಸ್‌ಗೂ ಉತ್ತರ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಫ್ರಿಜ್ಜು ಬೇಡ, ಕರೆಂಟು ಬೇಡ. ಬಸುರಿಯರ ಮೊದಲ ಪರೀಕ್ಷೆಯಾಗಿ ಇದನ್ನೇ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಬಡ ದೇಶಗಳಿಗೆ ಒಂದು ಡಾಲರ್‌ಗೂ ಕಡಿಮೆಗೆ ಸಿಗುವಂತೆ ಒಪ್ಪಂದವೂ ಆಯಿತು.

ಈ ಪರೀಕ್ಷೆ ಯಾಕೆ ಇಷ್ಟು ಮುಖ್ಯ ಅಂದರೆ, 2022ರಲ್ಲಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ ಬಸುರಿಯರಿಗೆ ಸಿಫಿಲಿಸ್ ಇತ್ತು ಅಂತ ಅಂದಾಜು. ಅದರಿಂದ ಸುಮಾರು 3.9 ಲಕ್ಷ ಬಸಿರುಗಳು ಕೆಟ್ಟ ರೀತಿಯಲ್ಲಿ ಮುಗಿದವು: ಹೊಟ್ಟೆಯಲ್ಲೇ ತೀರಿಹೋದ ಮಗು, ತಿಂಗಳು ತುಂಬದ ಹೆರಿಗೆ, ಸೋಂಕು ಹೊತ್ತೇ ಹುಟ್ಟಿದ ಕೂಸು. ಇದನ್ನು ತಡೆಯುವ ಮದ್ದು ಬೆಂಜಥೈನ್ ಪೆನಿಸಿಲಿನ್ ಇಂಜೆಕ್ಷನ್, ಹಳೆಯದು, ಅಗ್ಗದ್ದು. ಶ್ರೀಲಂಕಾ 2019ರಲ್ಲೇ ತಾಯಿಯಿಂದ ಮಗುವಿಗೆ ಸಿಫಿಲಿಸ್, ಎಚ್‌ಐವಿ ದಾಟುವುದನ್ನು ನಿಲ್ಲಿಸಿದ ದೇಶ ಅಂತ ಮಾನ್ಯತೆ ಪಡೆಯಿತು. ನಮಗೆ ಅದು ದೂರದ ಉದಾಹರಣೆ ಅಲ್ಲ, ಪಕ್ಕದ ಮನೆ.

ಬೆರಳು ಚುಚ್ಚುವ ಪರೀಕ್ಷೆಗೂ ಒಂದು ಕುಂದಿದೆ, ಅದನ್ನು ಮುಚ್ಚಿಡಬಾರದು. ಹಿಂದೆಂದೋ ಸಿಫಿಲಿಸ್ ಬಂದು ವಾಸಿಯಾದವರಲ್ಲೂ ಗೆರೆ ಮೂಡಬಹುದು, ಬದುಕಿರುವವರೆಗೂ ಮೂಡುತ್ತಲೇ ಇರಬಹುದು. ಹಾಗಾಗಿ ಗೆರೆ ಕಂಡವರಿಗೆ ಮುಂದೆ ಆರ್‌ಪಿಆರ್ ಬೇಕೇ ಬೇಕು. ಆದರೆ ಬಸುರಿಗೆ ಆ ರಿಪೋರ್ಟಿಗಾಗಿ ಕಾಯಿಸಬಾರದು, ಅದೇ ದಿನ ಮೊದಲ ಇಂಜೆಕ್ಷನ್ ಕೊಡಬೇಕು. ಇಲ್ಲೇ ಎಷ್ಟೋ ಕಡೆ ಗಾಡಿ ನಿಲ್ಲುವುದು. ಪೆನಿಸಿಲಿನ್ ರಿಯಾಕ್ಷನ್ ಆದರೆ ಏನು ಗತಿ ಅಂತ ಚಿಕ್ಕ ಆಸ್ಪತ್ರೆಗಳವರು ಹೆದರಿ, 'ದೊಡ್ಡಾಸ್ಪತ್ರೆಗೆ ಹೋಗಿ' ಎಂದು ಚೀಟಿ ಬರೆಯುತ್ತಾರೆ. ರಿಯಾಕ್ಷನ್ ಅಪರೂಪ. ಅದನ್ನು ಎದುರಿಸಲು ಅಡ್ರಿನಲಿನ್ ಮತ್ತು ತರಬೇತಿ ಇದ್ದರೆ ಆಯಿತು. ಪರೀಕ್ಷೆ ಹಳ್ಳಿಗೆ ಬಂದು ಚಿಕಿತ್ಸೆ ಪಟ್ಟಣದಲ್ಲೇ ಉಳಿದರೆ ಬೆರಳು ಚುಚ್ಚಿಸಿಕೊಂಡದ್ದಷ್ಟೇ ಲಾಭ.

ಗೊನೋರಿಯಾ, ಕ್ಲಮೈಡಿಯಾಕ್ಕೆ ಇಷ್ಟು ಸುಲಭದ ಪಟ್ಟಿ ಇನ್ನೂ ನಮ್ಮ ಆಸ್ಪತ್ರೆಗಳಿಗೆ ಬಂದಿಲ್ಲ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರಗಳಿವೆ. ಕ್ಷಯದ ಕಫ ನೋಡಲು ನಮ್ಮಲ್ಲಿ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರವೇ, ಬೇರೆ ಕಾರ್ಟ್ರಿಜ್ ಹಾಕಿದರೆ ಒಂದೂವರೆ ಗಂಟೆಯಲ್ಲಿ ಈ ಎರಡು ಸೋಂಕಿಗೂ ಉತ್ತರ ಕೊಡುತ್ತದೆ. ಯಂತ್ರ ಇದೆ, ಆ ಕಾರ್ಟ್ರಿಜ್ ಇಲ್ಲ. ಅದರ ಬೆಲೆ ಕಿಟ್‌ನ ಬೆಲೆಗಿಂತ ಎಷ್ಟೋ ಪಟ್ಟು. ಇನ್ನೊಂದು ತೊಡಕು, ಕ್ಷಯಕ್ಕೆ ಬೇರೆ ವಿಭಾಗ, ಏಡ್ಸ್‌ಗೆ ಬೇರೆ ವಿಭಾಗ, ದುಡ್ಡು ಬರುವ ದಾರಿಯೂ ಬೇರೆ. ಒಂದೇ ಆಸ್ಪತ್ರೆಯ ಕಾರಿಡಾರಿನ ಆ ಕಡೆ ಇರುವ ಯಂತ್ರ ಈ ಕಡೆಯವರಿಗೆ ಎಟಕುವುದಿಲ್ಲ. 2021ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಸಾಧ್ಯವಿರುವ ಕಡೆ ಅದೇ ದಿನ ಪರೀಕ್ಷೆ ಮಾಡಿ ನಂತರ ಚಿಕಿತ್ಸೆ ಕೊಡಿ ಎನ್ನುತ್ತಿದೆ. ಕನಿಷ್ಠ ಜಿಲ್ಲಾ ಆಸ್ಪತ್ರೆಯಲ್ಲಾದರೂ, ಬಸುರಿಯರಿಗೆ ಮತ್ತು ಮಕ್ಕಳಾಗದೆ ಬಂದವರಿಗಾದರೂ ಇದನ್ನು ಶುರು ಮಾಡಬಹುದು. ಮಾದರಿ ತೆಗೆಯಲು ವೈದ್ಯರೇ ಬೇಕು ಅಂತಲೂ ಇಲ್ಲ. ಹತ್ತಿಯ ಕಡ್ಡಿ ಕೊಟ್ಟು ಹೇಗೆ ಅಂತ ತೋರಿಸಿದರೆ ಹೆಂಗಸರು ಬಚ್ಚಲಿಗೆ ಹೋಗಿ ತಾವೇ ತೆಗೆದು ತರುತ್ತಾರೆ. ಹಾಗೆ ತೆಗೆದ ಮಾದರಿಯೂ ವೈದ್ಯರು ತೆಗೆದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಆ ಕಾರ್ಟ್ರಿಜ್ ಬರುವ ತನಕ ಕೈ ಕಟ್ಟಿ ಕೂರಬೇಕಾಗಿಲ್ಲ. ಬಿಳಿ ಮುಟ್ಟಿನ ಹೆಚ್ಚಿನ ಕಾರಣಗಳನ್ನು ಹುಡುಕಲು ಬೇಕಾದದ್ದು ಈಗಲೇ ತಾಲ್ಲೂಕು ಆಸ್ಪತ್ರೆಯಲ್ಲಿದೆ. ಒಂದು ಸ್ಪೆಕ್ಯುಲಮ್, ಒಂದು ಪಿಎಚ್ ಕಾಗದ, ಎರಡು ಗಾಜಿನ ಸ್ಲೈಡು, ಒಂದು ಬಾಟಲಿ ಸಲೈನ್, ಒಂದು ಬಾಟಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮಲೇರಿಯಾ ನೋಡುವ ಅದೇ ಮೈಕ್ರೋಸ್ಕೋಪು. ಸ್ರಾವದ ಪಿಎಚ್ 4.5ರ ಗೆರೆ ದಾಟಿದೆಯಾ, ಅಂದರೆ ಅದರ ಹುಳಿ ಕಡಿಮೆಯಾಗಿದೆಯಾ ಅಂತ ಕಾಗದ ಹೇಳುತ್ತದೆ. ಒಂದು ಸ್ಲೈಡಿನಲ್ಲಿ ಸಲೈನ್ ಹನಿ ಬೆರೆಸಿ ತಕ್ಷಣ ನೋಡಿದರೆ, ಟ್ರೈಕೊಮೊನಾಸ್ ಇದ್ದಲ್ಲಿ ಬಾಲ ಬಡಿದುಕೊಂಡು ಜಿಗಿಜಿಗಿ ಓಡಾಡುವುದು ಕಾಣುತ್ತದೆ. ಚಹಾ ಕುಡಿದು ಬಂದು ನೋಡಿದರೆ ಕಾಣುವುದಿಲ್ಲ, ತಣ್ಣಗಾದರೆ ಅದು ಓಡಾಡುವುದಿಲ್ಲ. ಇನ್ನೊಂದು ಸ್ಲೈಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟಾಗ ಮೀನಿನ ವಾಸನೆ ಎದ್ದರೆ ಅದು ವಜೈನೋಸಿಸ್‌ನ ಗುರುತು. ಅದೇ ಸ್ಲೈಡಿನಲ್ಲಿ ಬೇರೆ ಜೀವಕೋಶಗಳೆಲ್ಲ ಕರಗಿ, ಯೀಸ್ಟಿನ ಮೊಗ್ಗು, ಎಳೆ ಉಳಿದು ಕಾಣುತ್ತವೆ. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಇದು ನೂರಕ್ಕೆ ನೂರು ಹಿಡಿಯುವ ಪರೀಕ್ಷೆ ಅಲ್ಲ. ಟ್ರೈಕೊಮೊನಾಸ್ ಅರ್ಧದಷ್ಟು ತಪ್ಪಿಹೋಗಬಹುದು. ಆದರೂ ಏನೂ ನೋಡದೆ ಬಣ್ಣ ಆರಿಸುವುದಕ್ಕಿಂತ ಎಷ್ಟೋ ವಾಸಿ.

ಹಾಗಿದ್ದರೂ ಯಾಕೆ ಮಾಡುವುದಿಲ್ಲ? ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಪರೀಕ್ಷೆಯ ಮಂಚಕ್ಕೆ ಪರದೆ ಇರುವುದಿಲ್ಲ, ಇದ್ದರೂ ಬಾಗಿಲು ಮುಚ್ಚುವುದಿಲ್ಲ, ಪಕ್ಕದಲ್ಲಿ ಹತ್ತು ಜನ ನಿಂತಿರುತ್ತಾರೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಜನರಿಗೆ ಸ್ತ್ರೀರೋಗ ಅಥವಾ ಲೈಂಗಿಕ ರೋಗ ಒಂದಾದರೂ ಇತ್ತು. ಅದಕ್ಕೂ ಮೊದಲು ಒಮ್ಮೆಯಾದರೂ ಒಳಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಜನ ಮಾತ್ರ. ಹೆಂಗಸರು ಒಪ್ಪುವುದಿಲ್ಲ ಅನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ. ಆದರೆ ಆ ಹಳ್ಳಿಗಳಲ್ಲಿ ಅಷ್ಟು ಜನ ಒಪ್ಪಿದರು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿಯ ಅನುಭವವೂ ಇದೇ ದಾರಿಯದ್ದು: ಬಾಗಿಲಲ್ಲಿ ತಮ್ಮವರೇ ಕೂತು ಬರಮಾಡಿಕೊಂಡಾಗ ಹೆಂಗಸರು ತಪಾಸಣೆಗೆ ಬಂದರು.

ಮತ್ತೆ ಆ ತಾಲ್ಲೂಕಿನ ಹೆಣ್ಣುಮಗಳ ಹತ್ತಿರ ಬರೋಣ. ಪರದೆ ಎಳೆದಿದೆ. ನರ್ಸು ಸ್ಪೆಕ್ಯುಲಮ್ ಅನ್ನು ಬಿಸಿನೀರಲ್ಲಿ ಅದ್ದಿ, ತಣ್ಣಗಿಲ್ಲದಂತೆ ಮಾಡಿ ಇಟ್ಟಿದ್ದಾರೆ. ಗರ್ಭಕೊರಳು ಚೆನ್ನಾಗಿದೆ, ಕೀವಿಲ್ಲ. ಪಿಎಚ್ ಕಾಗದ ಸರಿ ಇದೆ. ಸ್ಲೈಡು ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷದಲ್ಲಿ ಚೀಟಿ ಬರುತ್ತದೆ: ಯೀಸ್ಟ್. ಒಂದು ಮಾತ್ರೆ ಕೈಗೆ ಸಿಗುತ್ತದೆ, ಸಕ್ಕರೆ ಕಾಯಿಲೆಗೆ ರಕ್ತ ನೋಡೋಣ ಎನ್ನುತ್ತಾರೆ. ಸೆರಗು ಸರಿ ಮಾಡಿಕೊಳ್ಳುತ್ತಾ ಅವಳು ತಗ್ಗಿದ ದನಿಯಲ್ಲಿ ಕೇಳುತ್ತಾಳೆ, 'ಮನೆಯವರಿಗೂ ಹೇಳ್ಬೇಕಾ ಸಿಸ್ಟರ್?'

'ಬೇಡಮ್ಮ. ಇದು ಯಾರಿಂದಲೂ ಅಂಟಿದ್ದಲ್ಲ.'